ಪುಟ ಹೇಳಿ ಮುಂದೆ ಹೋಗಿ

ಬೆಳಗಿನ ಐದೂ ಹತ್ತು. ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ ಬೇಕರಿಯವನು ಗಂಭೀರವಾಗಿ ಬಾಳೆಹಣ್ಣು ತಿನ್ನುತ್ತಿದ್ದಾನೆ. ಹಸಿವಾಗಿ ಅಲ್ಲ, ಇಲ್ಲಿಯ ನಿಯಮ ಅಂತ. ಬರಿಹೊಟ್ಟೆಯಲ್ಲಿ ಮೈಕಿನ ಮುಂದೆ ಕೂತರೆ ಹೊಟ್ಟೆ ಗುರುಗುಟ್ಟಿದ್ದೂ ಪುಸ್ತಕದೊಳಗೆ ಸೇರಿಕೊಳ್ಳುತ್ತದೆ. ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ. ಗಂಜಿ ಹಾಕಿದ ಅಂಗಿ ತೊಡುವಂತಿಲ್ಲ, ತೋಳು ಆಡಿಸಿದರೆ ಸರಬರ ಎನ್ನುತ್ತದೆ. ಬಳೆ, ಬೀಗದ ಕೈ, ಜೇಬಿನ ಚಿಲ್ಲರೆ ಎಲ್ಲವೂ ಹೊರಗಿನ ತಟ್ಟೆಯಲ್ಲಿ. ನಾಲ್ಕೂ ಗೋಡೆಗೆ ಹಳೆಯ ಹಾಸಿಗೆಗಳನ್ನು ಒತ್ತಾಗಿ ಕಟ್ಟಿದ್ದಾರೆ, ಬಾಗಿಲಿಗೂ ಒಂದನ್ನು. ಒಳಗೆ ಕೂತವನು ಬೆಂದು ಬಂದರೂ ಪರವಾಗಿಲ್ಲ, ಬೀದಿಯ ಸದ್ದು ಒಳಗೆ ಬರಬಾರದು. ಆರೂವರೆಗೆ ಬಸ್ಸುಗಳು ಶುರುವಾಗುತ್ತವೆ. ಅಷ್ಟರೊಳಗೆ ಎಷ್ಟಾಯಿತೋ ಅಷ್ಟು.

"ಪುಟ ಏಳುನೂರ ತೊಂಬತ್ತೊಂದು," ಎಂದು ಬೇಕರಿಯವನು ಓದಲು ಹಿಡಿಯುತ್ತಾನೆ. ಇಡೀ ರಾತ್ರಿ ಒಲೆಯ ಮುಂದೆ ನಿಂತು ಬಂದವನ ದನಿ ಎಂದು ಯಾರೂ ಹೇಳಲಾರರು. ಹೊರಗಿನ ಬೆಂಚಿನ ಮೇಲೆ, ಕಿವಿಗೆ ದಪ್ಪನೆಯ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೂವತ್ತೊಂದರ ಹೆಣ್ಣುಮಗಳೊಬ್ಬರು ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಾರೆ. ನಾಲ್ಕನೇ ಸಾಲಿಗೆ ಅವರ ಬೆರಳು ಗುಂಡಿ ಒತ್ತುತ್ತದೆ. ಒಳಗೆ ಕೆಂಪು ದೀಪ ಹತ್ತುತ್ತದೆ.

"ಅಣ್ಣಾ, ಕೊನೇ ಪದ ಅರ್ಧ ನುಂಗಿಬಿಟ್ರಿ."

"ನುಂಗಿದ್ದು ಬಾಳೆಹಣ್ಣು ಕಣಮ್ಮ."

"ಇದು ಕಾನೂನಿನ ಪುಸ್ತಕ ಅಣ್ಣಾ. ಇಲ್ಲಿ ಒಂದು 'ಅಲ್ಲ' ನುಂಗಿದ್ರೆ ತಪ್ಪು ಮಾಡದೇ ಇರೋನು ಜೈಲಿಗೆ ಹೋಗ್ತಾನೆ. ವಾಕ್ಯದ ಮೊದಲಿಂದ ಬನ್ನಿ."

ಬೇಕರಿಯವನು ನಕ್ಕು, ಗಂಟಲು ಸರಿಮಾಡಿಕೊಂಡು, ವಾಕ್ಯದ ಮೊದಲಿಂದ ಬರುತ್ತಾನೆ.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ದನಿ ಹಿಡಿದು, ಮನೆಮನೆಗೆ ತಲುಪಿಸುವ ಸೇವಾಸಂಸ್ಥೆ ಇದು. ಬೆಂಚಿನ ಮೇಲೆ ಕೂತವರು ಐದು ವರ್ಷಗಳಿಂದ ಇದರ ಮುಖ್ಯಸ್ಥೆ. ಅವರಿಗೂ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸಂಸ್ಥೆಯ ಪುಸ್ತಕ ಕೇಳುವ ಹುಡುಗ ಹುಡುಗಿಯರೆಲ್ಲ ಅವರನ್ನು ಕರೆಯುವುದು 'ಪುಟದಕ್ಕ' ಎಂದು. ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಒಂದೇ ಒಂದು ಕರಾರು ಹಾಕಿ ಅವರು ಈ ಬರಹಕ್ಕೆ ಒಪ್ಪಿದ್ದಾರೆ. "ಕತ್ತಲು, ಬೆಳಕು, ದೀಪ, ಈ ಮೂರು ಪದ ತಲೆಬರಹದಲ್ಲಿ ಬೇಡ. ಆಗ್ಲೇ ನಾಲ್ಕು ಪತ್ರಿಕೆಯವರು ಹಾಕಿಯಾಗಿದೆ."

ಈಗ ಓದುತ್ತಿರುವುದು ಕಾನೂನು ಪದವಿಯ ಕೊನೆಯ ವರ್ಷದ ಪುಸ್ತಕ, ಎಂಟುನೂರ ಅರವತ್ತನಾಲ್ಕು ಪುಟ. ಉಳಿದಿರುವುದು ಎಪ್ಪತ್ತನಾಲ್ಕು ಪುಟ, ನಾಲ್ಕು ಬೆಳಗು. ಕನಿಷ್ಠ ಐದು ಮಂದಿ ಬೇಕೆಂದು ಕೇಳದ ಹೊರತು ಇಲ್ಲಿ ಯಾವ ಪುಸ್ತಕವನ್ನೂ ಓದಲು ಎತ್ತಿಕೊಳ್ಳುವುದಿಲ್ಲ. ಇದನ್ನು ಕೇಳಿದವಳು ಒಬ್ಬಳೇ. ದಾಖಲೆಯಲ್ಲಿ ಅವಳ ಸಂಖ್ಯೆ ಇನ್ನೂರ ಹದಿನೇಳು. ಆ ಒಬ್ಬಳಿಗಾಗಿ ಮುಖ್ಯಸ್ಥೆಯೇ ಬೆಂಚಿನ ಮೇಲೆ ಕೂತು ನಲವತ್ತೊಂದು ಬೆಳಗು ಕಳೆಯಬೇಕೇ ಎಂದರೆ ಪುಟದಕ್ಕ ತಡವರಿಸುವುದಿಲ್ಲ.

"ಅವಳಿಗೆ ನಮ್ಮಿಂದ ಎರಡು ಪುಟ ಬರ್ಬೇಕಿತ್ತು. ಎಂಟು ವರ್ಷ ಆಯ್ತು. ಈ ಸಲ ಏನಾದ್ರೂ ತಪ್ಪಿದ್ರೆ ಅವಳು ಇನ್ನು ಜನ್ಮದಲ್ಲಿ ನಮ್ಮ ಹತ್ರ ಬರಲ್ಲ. ಬರ್ಬಾರದು ಕೂಡ."

ತಪ್ಪು ಹಿಡಿಯುವ ವಿದ್ಯೆಯನ್ನು ಪುಟದಕ್ಕ ಕಲಿತದ್ದು ಸ್ವಂತ ಅಣ್ಣನಿಂದ. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ತಾಯಿ ಮನೆಯಲ್ಲೇ ಲಕೋಟೆ ಅಂಟಿಸುವವರು. ಇಬ್ಬರಿಗೂ ಓದಿಹೇಳಲು ಪುರುಸೊತ್ತಿಲ್ಲ. ಹಾಗಾಗಿ ಸಂಜೆ ಐದಕ್ಕೆ ತಂಗಿಗೆ ಪಾಠ ಓದಿಹೇಳುವ ಕೆಲಸ ಮೂರು ವರ್ಷ ದೊಡ್ಡವನಾದ ಅಣ್ಣನ ತಲೆಗೆ ಬಿತ್ತು. ಐದಕ್ಕೆ ಬೀದಿಯಲ್ಲಿ ಚೆಂಡಾಟವೂ ಶುರುವಾಗುತ್ತಿತ್ತು. ಅಣ್ಣ ಏನು ಮಾಡಬೇಕು? ಪ್ಯಾರಾ ಹಾರಿಸಿ ಓದತೊಡಗಿದ.

"ಮೊದಮೊದಲು ಗೊತ್ತಾಗ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು. ಹಾರಿಸೋ ಮುಂಚೆ ಒಂಚೂರು ಉಸಿರು ಎಳ್ಕೊಳ್ತಿದ್ದ. ಕದಿಯೋರ ಉಸಿರೇ ಬೇರೆ ಥರ ಇರತ್ತೆ. 'ಏಯ್, ವಾಪಸ್ ಹೋಗು' ಅಂತಿದ್ದೆ. ತಲೆ ಮೇಲೊಂದು ಮೊಟಕಿ ವಾಪಸ್ ಹೋಗ್ತಿದ್ದ." ಆ ಅಣ್ಣ ಈಗ ಲಾರಿ ಓಡಿಸುತ್ತಾನೆ. ತಂಗಿಗೆ ಕಿವಿ ಕೊಟ್ಟವನು ತಾನೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಾನಂತೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಪುಟದಕ್ಕ ಈ ಸಂಸ್ಥೆಯಿಂದ ಅರ್ಥಶಾಸ್ತ್ರದ ಪುಸ್ತಕವೊಂದನ್ನು ತರಿಸಿಕೊಂಡರು. ಕೇಳಿ ಮುಗಿಸಿ, ಗೆಳತಿಯೊಬ್ಬಳ ಕೈಯಲ್ಲಿ ಪತ್ರ ಬರೆಸಿ ಕಳುಹಿಸಿದರು. ಮೂವತ್ತೊಂದು ತಪ್ಪು, ಪ್ರತಿಯೊಂದೂ ಎಷ್ಟನೇ ನಿಮಿಷದಲ್ಲಿದೆ ಎಂಬ ಲೆಕ್ಕದ ಸಮೇತ. ಪುಕ್ಕಟೆ ಕೊಟ್ಟದ್ದಕ್ಕೂ ತಕರಾರೇ ಎಂದು ಕಚೇರಿಯವರೆಲ್ಲ ಮೂಗು ಮುರಿದರು. ಸಂಸ್ಥೆ ಕಟ್ಟಿದ ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ 'ದೊಡ್ಡ ಮೇಡಂ', ಮೂಗು ಮುರಿಯಲಿಲ್ಲ. ಫೋನ್ ಮಾಡಿ ಬೈಯುವ ದನಿಯಲ್ಲೇ ಕರೆದರು: "ತಪ್ಪು ಹುಡುಕೋಕೆ ಬರತ್ತಲ್ಲ, ಅಲ್ಲಿ ಕೂತು ಯಾಕೆ ಹುಡುಕ್ತೀಯ? ಇಲ್ಲಿ ಬಂದು ಹುಡುಕು."

ತಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಮಗಳು ಪರೀಕ್ಷೆ ಬರೆದು ಸರ್ಕಾರಿ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಹಿಡಿಯಲಿ ಎಂಬುದು ಅವರ ಆಸೆ. "ದಿನಾ ಇನ್ನೊಬ್ಬರ ತಪ್ಪು ಕೇಳ್ಕೊಂಡು ಕೂರ್ತೀಯಾ? ಅದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ? ನಾನು ಇಷ್ಟು ವರ್ಷದಿಂದ ನಿಮ್ಮಪ್ಪನ ತಪ್ಪು ಹುಡುಕ್ತಾ ಇದೀನಿ, ನಂಗ್ಯಾರು ಕೊಟ್ರು?" ಎಂದು ಕೇಳಿದ್ದರಂತೆ. ಅವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಮೊದಲ ವರ್ಷ ಬಸ್ಸಿನ ಖರ್ಚು ಮಾತ್ರ ಸಿಗುತ್ತಿತ್ತು.

ಒಂದು ಗಂಟೆಯ ಓದನ್ನು ಕೇಳಿ ತಿದ್ದಿ ಮುಗಿಸಲು ಎರಡೂವರೆ ಗಂಟೆ ಬೇಕು. ದಿನಕ್ಕೆ ಮೂರು ಗಂಟೆಯ ಓದು ಕೈದಾಟಿದರೆ ಹೆಚ್ಚು. ಓದುವವರು ಬೀದಿಬೀದಿಯಿಂದ ಬರುವ ಸ್ವಯಂಸೇವಕರು: ಬ್ಯಾಂಕಿನವರು, ನರ್ಸು, ಮದುವೆ ಮುರಿದ ಬೇಸರ ಕಳೆಯಲು ಬಂದವರು, ತಮ್ಮ ದನಿಯ ಮೇಲೆ ತಮಗೇ ಪ್ರೀತಿ ಹುಟ್ಟಿದವರು. ಒಬ್ಬರು ಅಲ್ಪವಿರಾಮಕ್ಕೊಂದು ನಾಲಿಗೆ ಚಪ್ಪರಿಸುತ್ತಾರೆ. ಒಬ್ಬರು ಕಷ್ಟದ ಪದ ಬಂದರೆ ಕೆಮ್ಮುತ್ತಾರೆ. ರಸಾಯನಶಾಸ್ತ್ರದ ನಾಲ್ಕನೇ ಅಧ್ಯಾಯದಲ್ಲಿ ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿದ್ದನ್ನು ಹಿಡಿದು, ಆ ಅಧ್ಯಾಯವನ್ನೇ ಮತ್ತೆ ಓದಿಸಿದ್ದು ಹೊಸ ಹುಡುಗಿಯ ಮೊದಲ ಸಾಹಸ. ಎರಡು ವರ್ಷದಲ್ಲಿ ಓದುವವರೆಲ್ಲ ಆಕೆಯ ಕೆಂಪು ದೀಪಕ್ಕೆ ಹೆದರುವಂತಾದರು.

ಹೆದರದವರು ಒಬ್ಬರೇ, 'ವಾರ್ತೆಯವರು'. ಇಪ್ಪತ್ತೆಂಟು ವರ್ಷ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರು. ಉಸಿರು ಕೇಳಿಸದ, ತಡವರಿಸದ, ಒಂದು ಅಕ್ಷರ ಜಾರದ ಓದು. ಅವರು ಓದಿದ್ದನ್ನು ತಿದ್ದಲು ಏನೂ ಇರುತ್ತಿರಲಿಲ್ಲ. ಕೆಲಸ ರಾಶಿ ಬಿದ್ದಾಗ ಪುಟದಕ್ಕ ಅವರ ದನಿಯನ್ನು ಮಾತ್ರ ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಿದ್ದರು. ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತಿತ್ತು. ಯಾರೂ ತಪ್ಪೆನ್ನಲಿಲ್ಲ. ಪುಟದಕ್ಕನಿಗೂ ಅದು ತಪ್ಪೆನಿಸಲಿಲ್ಲ.

ಎಂಟು ವರ್ಷಗಳ ಹಿಂದೆ ವಾರ್ತೆಯವರು ಹನ್ನೆರಡನೇ ತರಗತಿಯ ಭೂಗೋಳ ಓದಿದರು. ನೂರ ಹದಿಮೂರನೇ ಪುಟ ಮುಗಿಸಿ ಹಾಳೆ ಮಗುಚುವಾಗ ಎರಡು ಹಾಳೆ ಒಟ್ಟಿಗೆ ಮಗುಚಿದವು. ನೂರ ಹದಿಮೂರರ ಕೊನೆಯ ಸಾಲು, 'ಹೀಗೆ ನದಿಯು ಬಯಲಿಗೆ ಇಳಿದ ಮೇಲೆ' ಎಂದು ನಿಂತಿತ್ತು. ನೂರ ಹದಿನಾರರ ಮೊದಲ ಸಾಲು, 'ಅದರ ವೇಗ ಕಡಿಮೆಯಾಗಿ ಹೂಳು ತುಂಬತೊಡಗುತ್ತದೆ' ಎಂದಿತ್ತು. ಹಾಲಿಗೆ ನೀರು ಬೆರೆತ ಹಾಗೆ ಎರಡೂ ಬೆರೆತವು. ವಾರ್ತೆಯವರ ದನಿ ಎಲ್ಲೂ ಎಡವಲಿಲ್ಲ. ನಡುವಿನ ಎರಡು ಪುಟ ಪುಸ್ತಕದಿಂದ ಹೋದವು.

"ಕಣ್ಣಿರೋರಿಗೆ ಪುಟದ ನಂಬರ್ ಕಾಣತ್ತೆ. ನಮಗೆ ವಾಕ್ಯ ಕೂಡಿದ್ರೆ ಮುಗೀತು," ಎನ್ನುತ್ತಾರೆ ಪುಟದಕ್ಕ. "ಹಂಗಂತ ಅದೇ ನೆಪ ಹೇಳಲ್ಲ. ನಿಧಾನಕ್ಕೆ ಕೇಳಿದ್ರೆ ಎರಡು ಹಾಳೆ ಒಟ್ಟಿಗೆ ಮಗುಚಿದ ಸದ್ದು ದಪ್ಪಗೆ ಕೇಳಿಸ್ತಿತ್ತು. ಆಮೇಲೆ ಕೇಳಿದೀನಿ, ಚೆನ್ನಾಗಿ ಕೇಳಿಸತ್ತೆ. ಅವತ್ತು ನಾನು ಓಡಿಸ್ಕೊಂಡು ಕೇಳ್ತಿದ್ದೆ. ಓದಿದೋರದ್ದು ಕೈತಪ್ಪು. ಬಿಟ್ಟಿದ್ದು ನಾನು."

ಪರೀಕ್ಷೆಯ ದಿನ ಮಧ್ಯಾಹ್ನ ಒಬ್ಬ ಹುಡುಗ ಫೋನ್ ಮಾಡಿದ. ಪ್ರವಾಹಕ್ಕೆ ಕಾರಣಗಳನ್ನು ವಿವರಿಸಿ ಎಂದು ಆರು ಅಂಕದ ಪ್ರಶ್ನೆ ಬಂದಿತ್ತು, ಪುಸ್ತಕದಲ್ಲಿ ಅದು ಇರಲೇ ಇಲ್ಲ ಎಂದ. ಪುಟದಕ್ಕ ಥಟ್ಟನೆ ಉತ್ತರಿಸಿದರು: "ಪುಸ್ತಕ ಬಿಟ್ಟು ಕೇಳಿರ್ತಾರೆ ಬಿಡು, ಪ್ರಶ್ನೆಪತ್ರಿಕೆ ಮಾಡೋರಿಗೆ ಬುದ್ಧಿ ಇಲ್ಲ." ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತ್ತಂತೆ! ಆ ಮಾತು ನೆನೆದರೆ ಈಗಲೂ ಅವರ ಕಿವಿ ಕೆಂಪಾಗುತ್ತದೆ. ಸಂಜೆಯೊಳಗೆ ಅದನ್ನೇ ಹೇಳಲು ಇನ್ನಿಬ್ಬರು ಫೋನ್ ಮಾಡಿದರು. ಮೂರನೆಯ ಫೋನ್ ಇಟ್ಟವರೇ, ಕೆಳಗಿನ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮನನ್ನು ಕೂಗಿ ಕರೆದು, ಅಚ್ಚಾದ ಪುಸ್ತಕ ಕೈಗೆ ಕೊಟ್ಟು, ನದಿಯ ಪಾಠ ಓದಿ ಎಂದರು.

ಟೈಲರಮ್ಮ ಬೆರಳಿಟ್ಟು ಓದಿದರು. ಪ್ರವಾಹದ ಕಾರಣಗಳಿದ್ದ ನೂರ ಹದಿನಾಲ್ಕನೇ ಪುಟಕ್ಕೆ ಬಂದಾಗ ಪುಟದಕ್ಕ ಕುರ್ಚಿಯ ಕೈ ಹಿಡಿದುಕೊಂಡರಂತೆ. "ಇನ್ನೂ ಓದ್ಲಾ ಮಗಳೇ ಅಂತ ಕೇಳ್ದೆ. ಸಾಕು ಅಂದ್ಲು. ಮತ್ತೆ ಒಂದು ನಿಮಿಷ ಬಿಟ್ಟು, ಇಲ್ಲ ಪೂರ್ತಿ ಓದಿ ಅಂದ್ಲು. ಎರಡು ಪುಟಾನೂ ಕೇಳಿಸ್ಕೊಂಡ್ಲು," ಎಂದು ಟೈಲರಮ್ಮ ನೆನೆಯುತ್ತಾರೆ.

ಆಡಳಿತ ಮಂಡಳಿ ಮರುದಿನವೇ ಸೇರಿತು. ಆ ಪುಸ್ತಕ ನಲವತ್ತಾರು ಮಂದಿಗೆ ಹೋಗಿತ್ತು. ಅಧ್ಯಕ್ಷರು ಮೆತ್ತಗೆ ಹೇಳಿದರು: ಸದ್ದಿಲ್ಲದೆ ಸರಿಪಡಿಸೋಣ, ಮುಂದಿನ ವರ್ಷದವರಿಗೆ ಹೊಸ ಪ್ರತಿ ಕೊಡೋಣ, ಆದದ್ದು ಆಗಿಹೋಯಿತು, ಸಂಸ್ಥೆಯ ಹೆಸರು ಕೆಡಬಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದೂ ಸೇರಿಸಿದರು. ಇಪ್ಪತ್ತಮೂರು ವರ್ಷದ ಹುಡುಗಿ ಎದ್ದು ನಿಂತು, ನಲವತ್ತಾರು ಜನಕ್ಕೂ ನಾನು ಫೋನ್ ಮಾಡ್ತೀನಿ ಎಂದಳು. ಗದ್ದಲವಾಯಿತು. ದೊಡ್ಡ ಮೇಡಂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಮಾಡೋದಾದ್ರೆ ನಿನ್ನ ಬಾಯಿಂದ, 'ನಾನು' ಅಂತ ಹೇಳಿ ಮಾಡು. 'ನಮ್ಮ ಸಂಸ್ಥೆಯಿಂದ ಸಣ್ಣ ಲೋಪ' ಅಂತೆಲ್ಲ ಹೇಳಿ ಅದರ ಹಿಂದೆ ಅವಿತ್ಕೋಬೇಡ," ಎಂದರಷ್ಟೆ.

ನಾಲ್ಕು ದಿನ ಹಿಡಿಯಿತು. ಬಹಳಷ್ಟು ಮಂದಿ ನಕ್ಕರು. ಕೆಲವರು ಆ ಪ್ರಶ್ನೆಯನ್ನು ಬಿಟ್ಟು ಬೇರೆಯದನ್ನು ಬರೆದಿದ್ದರು. ಒಬ್ಬ, "ಅಕ್ಕಾ, ನಾನು ಆ ಪಾಠಾನೇ ಕೇಳಿಲ್ಲ, ನಿಮ್ಮ ತಪ್ಪಿಂದ ನನಗೇನೂ ಆಗಿಲ್ಲ," ಎಂದು ಸಮಾಧಾನವನ್ನೂ ಹೇಳಿದ. ಇನ್ನೂರ ಹದಿನೇಳು ಸಂಖ್ಯೆಯ ಹುಡುಗಿ ಮಾತ್ರ ಎಲ್ಲ ಕೇಳಿಸಿಕೊಂಡು ಫೋನ್ ಇಟ್ಟಳು. ಫಲಿತಾಂಶ ಬಂದಾಗ ಅವಳು ಭೂಗೋಳದಲ್ಲಿ ನಾಲ್ಕು ಅಂಕಕ್ಕೆ ಫೇಲು. ಆರು ಅಂಕದ ಪ್ರಶ್ನೆಗೆ ಅವಳು ಬಿಳಿ ಹಾಳೆ ಬಿಟ್ಟಿದ್ದಳು.

ಪುಟದಕ್ಕ ಎರಡು ಬಸ್ಸು ಬದಲಿಸಿ ಅವಳ ಮನೆಗೆ ಹೋದರು. ಹುಡುಗಿ ಕೋಣೆಯ ಬಾಗಿಲು ತೆಗೆಯಲಿಲ್ಲ. ಅಜ್ಜಿ ನೀರು ಕೊಟ್ಟು ಕೂರಿಸಿದರು. ಬಾಗಿಲ ಆಚೆಯಿಂದಲೇ ಮಾತು ಬಂತು: "ನಾನು ಮೂರು ಸಲ ಕೇಳಿದ್ದೆ ಆ ಪುಸ್ತಕಾನ. ಮೂರು ಸಲ. ನೀವು ಒಂದ್ಸಲ ಸರಿಯಾಗಿ ಕೇಳಕ್ಕಾಗ್ಲಿಲ್ವಾ? ನನ್ನ ಒಂದು ವರ್ಷ ವಾಪಸ್ ಕೊಡಿ, ಆಮೇಲೆ ಕ್ಷಮೆ ಕೇಳಿ. ಇನ್ಮೇಲೆ ಫೋನ್ ಮಾಡ್ಬೇಡಿ."

ಪುಟದಕ್ಕ ಬಸ್ಸಿನಲ್ಲಿ ಅಳುತ್ತಾ ಬಂದರು. ಆಮೇಲೆ ಫೋನ್ ಮಾಡಲಿಲ್ಲ. ಮಾಡಬೇಡಿ ಎಂದವಳಿಗೆ ಮತ್ತೆ ಮತ್ತೆ ಮಾಡಿ ಕ್ಷಮೆ ಕೇಳುವುದು ನಮ್ಮ ಮನಸ್ಸಿನ ಸಮಾಧಾನಕ್ಕೇ ಹೊರತು ಅವಳಿಗಲ್ಲ ಎನ್ನುತ್ತಾರೆ.

ಅದಾದ ಮೇಲೆ ಬಂದದ್ದೇ ಈಗಿನ ನಿಯಮ. ಓದುವವರು ಪ್ರತಿ ಪುಟದ ಮೊದಲು ಅದರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು. ಮಾತಿನ ನಡುವೆ ಪುಟ ತಿರುಗಿದರೆ ವಾಕ್ಯ ನಿಲ್ಲಿಸಿ ಹೇಳಬೇಕು. ಕೇಳುವವರು ಯಾರ ದನಿಯನ್ನೂ ವೇಗ ಹೆಚ್ಚಿಸಿ ಕೇಳುವಂತಿಲ್ಲ, ಅದು ಎಂಥ ಗಂಧರ್ವರ ದನಿಯೇ ಆಗಿರಲಿ. ಓದುವವರು ಸಿಡಿದೆದ್ದರು. ಕತೆಯ ಓಘ ಕೆಡುತ್ತದೆ, ಪದ್ಯದ ಲಯ ಕೆಡುತ್ತದೆ ಎಂದರು. ವಾರ್ತೆಯವರಂತೂ, "ಇದೇನು, ಬಸ್ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ! ನನ್ನ ಕೈಲಾಗಲ್ಲ," ಎಂದು ಮೇಜಿನ ಮೇಲಿದ್ದ ಕನ್ನಡಕ ಎತ್ತಿಕೊಂಡು ಹೊರಟೇಹೋದರು. ಅವರ ಹಿಂದೆ ಇನ್ನು ಮೂವರು ಹೋದರು. ಆ ವರ್ಷ ತೊಂಬತ್ತು ಪುಸ್ತಕ ಆಗಬೇಕಿದ್ದದ್ದು ಐವತ್ತೆಂಟೇ ಆದವು. "ಪುಟ ಹೇಳಿ ಮುಂದೆ ಹೋಗಿ, ಪುಟ ಹೇಳಿ ಮುಂದೆ ಹೋಗಿ" ಎಂದು ಬೆಳಗಿಂದ ಸಂಜೆಯ ತನಕ ಗಿಳಿಯಂತೆ ಹೇಳುತ್ತಿದ್ದವರಿಗೆ ಮಕ್ಕಳು ಅದೇ ಹೆಸರಿಟ್ಟರು.

ಮೂರು ವರ್ಷ ಕಳೆದು ದೊಡ್ಡ ಮೇಡಂ ಮಂಡಿ ನೋವು ಹೆಚ್ಚಾಗಿ ಮೂರು ಮಹಡಿ ಹತ್ತಲಾಗದೆ ಕೆಲಸ ಬಿಟ್ಟರು. ಮುಖ್ಯಸ್ಥರ ಹುದ್ದೆಗೆ ಪ್ರಕಟಣೆ ಕೊಟ್ಟದ್ದಾಯಿತು. ಇಬ್ಬರು ಬಂದರು. ದೊಡ್ಡ ದೊಡ್ಡ ಪದವಿಯವರು. ಹೇಗೆ ಆಯ್ಕೆಯಾದಿರಿ ಎಂದರೆ ಪುಟದಕ್ಕ, "ಒಬ್ಬರಿಗೆ ಲಿಫ್ಟ್ ಇಲ್ಲ ಅಂತ ಬೇಜಾರಾಯ್ತು, ಇನ್ನೊಬ್ಬರಿಗೆ ಸಂಬಳ ಕೇಳಿ ಬೇಜಾರಾಯ್ತು. ಉಳಿದಿದ್ದು ನಾನು," ಎನ್ನುತ್ತಾರೆ.

ಅಧ್ಯಕ್ಷರು ಹೇಳುವುದು ಬೇರೆ. ಕಬ್ಬಿಣದ ಅಂಗಡಿ ನಡೆಸಿ ಪಳಗಿದ ಮನುಷ್ಯ, ಸುತ್ತಿಬಳಸಿ ಮಾತಾಡುವುದು ಗೊತ್ತಿಲ್ಲ. "ಅವತ್ತು ಮುಚ್ಚಿಡೋಣ ಅಂದೋನು ನಾನೇ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಆ ಫೋನ್ ಮಾಡಿದ ಮೇಲೆ ನಮ್ಮಲ್ಲಿ ಪುಸ್ತಕ ಕೇಳೋರು ಕಡಿಮೆ ಆಗ್ಲಿಲ್ಲ ರೀ, ಜಾಸ್ತಿ ಆದ್ರು. ಮುಚ್ಚಿಡೋಕೆ ಗೊತ್ತಿರೋರು ನನ್ನ ಥರ ಬೀದಿಗೆ ಹತ್ತು ಜನ ಸಿಗ್ತಾರೆ. ಈ ಹುಡುಗಿ ಥರದೋಳು ಎಲ್ಲಿ ಸಿಗ್ತಾಳೆ?"

ಈಗ ಸಂಸ್ಥೆಗೆ ಮುನ್ನೂರ ನಲವತ್ತು ಕೇಳುಗರು, ಇಪ್ಪತ್ತೆರಡು ಓದುಗರು, ಐದು ಮಂದಿ ಸಿಬ್ಬಂದಿ. ಕಳೆದ ವರ್ಷ ಆದದ್ದು ನೂರ ಹದಿನೆಂಟು ಪುಸ್ತಕ. ಮುಖ್ಯಸ್ಥೆಗೆ ಬೇರೆ ಕೋಣೆಯಿಲ್ಲ. ಬೆಂಚೇ ಕಚೇರಿ. ಯಾರಾದರೂ ತಪ್ಪು ಬಿಟ್ಟರೆ ಬೈಗುಳವಿಲ್ಲ, ಆದರೆ ತಪ್ಪು ಬಿಟ್ಟವರೇ ಕೇಳುಗನಿಗೆ ಫೋನ್ ಮಾಡಬೇಕು. ಬೈದಿದ್ದರೇ ವಾಸಿಯಿತ್ತು ಎಂದು ಸಿಬ್ಬಂದಿ ಗೊಣಗುತ್ತಾರೆ. ಈಗ ಕಂಪ್ಯೂಟರೇ ಓದುತ್ತದಲ್ಲ, ನೀವು ಯಾಕೆ ಎಂದು ಕೇಳಿದವರಿಗೂ ಉತ್ತರ ಸಿದ್ಧವಿದೆ. "ಓದತ್ತೆ. ಕತೆ ಕಾದಂಬರಿಗೆ ಚೆನ್ನಾಗೇ ಇದೆ, ನಾನೂ ಕೇಳ್ತೀನಿ. ಕಾನೂನು ಪುಸ್ತಕ ಕೊಟ್ಟು ನೋಡಿ. ಪುಟದ ಕೆಳಗಿರೋ ಟಿಪ್ಪಣೀನ ತಂದು ವಾಕ್ಯದ ಹೊಟ್ಟೆಗೇ ತೂರಿಸತ್ತೆ. ಅಪರಾಧಿ ಯಾರು, ಸಾಕ್ಷಿ ಯಾರು, ಗೊತ್ತಾಗಲ್ಲ."

ಮೂರು ವರ್ಷ ಪುಸ್ತಕ ಕೇಳದವರ ಸಂಖ್ಯೆಯನ್ನು ದಾಖಲೆಯಿಂದ ತೆಗೆದು ಹೊಸಬರಿಗೆ ಕೊಡುವುದು ಇಲ್ಲಿಯ ರೂಢಿ. ಇನ್ನೂರ ಹದಿನೇಳನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಸಿಬ್ಬಂದಿ ಕೇಳಿದಾಗಲೆಲ್ಲ ಪುಟದಕ್ಕ, "ಇರ್ಲಿ ಬಿಡಿ" ಎಂದು ಮಾತು ತೇಲಿಸಿದ್ದಾರೆ. ಐದು ವಾರಗಳ ಹಿಂದೆ ಕಚೇರಿಯ ಫೋನಿಗೆ ಒಂದು ಸಂದೇಶ ಬಂತು. ನಮಸ್ಕಾರವಿಲ್ಲ, ಹೆಸರಿಲ್ಲ. ಒಂದು ಸಂಖ್ಯೆ, ಒಂದು ಕಾನೂನು ಪುಸ್ತಕದ ಹೆಸರು, ಒಂದು ತಾರೀಕು, ಅಷ್ಟೆ. ಆ ಸಂಖ್ಯೆಯನ್ನು ಫೋನಿನ ಯಂತ್ರದನಿ ಓದಿ ಹೇಳಿದಾಗ ಪುಟದಕ್ಕ ಮೂರು ಸಲ ಅದನ್ನೇ ಹಾಕಿಸಿ ಕೇಳಿದರಂತೆ. 'ಆಗುತ್ತದೆ' ಎಂದು ಒಂದೇ ಪದದ ಉತ್ತರ ಕಳುಹಿಸಿದರು. ತಾರೀಕಿಗೆ ನಲವತ್ತೊಂದು ದಿನವಿತ್ತು. ಆಮೇಲೆ ತಲೆ ಮೇಲೆ ಕೈಹೊತ್ತು ಕೂತರು.

ಒಳ್ಳೆಯ ಬೆಳಗಾದರೆ ಮೂವತ್ತು ಪುಟ, ಕೆಟ್ಟ ಬೆಳಗಾದರೆ ಹನ್ನೆರಡು. ಕಾನೂನಿನ ಉದ್ದುದ್ದ ವಾಕ್ಯ ಓದಲು ಉಸಿರು ಬೇಕು, ತಾಳ್ಮೆ ಬೇಕು. ಇಪ್ಪತ್ತೆರಡು ಓದುಗರಲ್ಲಿ ಎರಡೂ ಇದ್ದವನು ಬೇಕರಿಯವನು. ಅವನು ಓದಿದ್ದು ಎಂಟನೇ ತರಗತಿ. ಅರ್ಥವಾಗುತ್ತದೆಯೇ ಎಂದರೆ, "ಬಾಡಿಗೆದಾರನ ಪಾಠ ಓದಿದ ಮೇಲೆ ನಮ್ಮ ಓನರ್ ಜೊತೆ ಒಂದು ಜಗಳ ಗೆದ್ದೆ," ಎಂದು ಹೇಳಿ ಹಿಟ್ಟು ಮೆತ್ತಿದ ಮೊಣಕೈ ಒರೆಸಿಕೊಳ್ಳುತ್ತಾನೆ.

ಈ ನಡುವೆ ಒಂದು ಇಡೀ ದಿನ ಹಾಳಾಯಿತು. ನಾನೂರ ಮೂರನೇ ಪುಟದಿಂದ ನಾನೂರ ನಾಲ್ಕಕ್ಕೆ ದಾಟುವ ವಾಕ್ಯ ಪುಟದಕ್ಕನಿಗೆ ತೀರ ನುಣುಪಾಗಿ ಕೇಳಿಸಿತು. ಬೇಕರಿಯವನು ಪುಟ ಸರಿಯಾಗಿಯೇ ಹೇಳಿದ್ದ. ಆದರೂ ಅನುಮಾನ. ಟೈಲರಮ್ಮನನ್ನು ಕರೆಸಿ ಓದಿಸಿದರು. ಸರಿಯಿತ್ತು. ಇನ್ನೊಮ್ಮೆ ಓದಿಸಿದರು. ಸರಿಯೇ ಇತ್ತು. ಅಚ್ಚಿನಲ್ಲೇ ಪುಟ ತಪ್ಪಿರಬಹುದೆಂದು ಗ್ರಂಥಾಲಯದಿಂದ ಇನ್ನೊಂದು ಪ್ರತಿ ತರಿಸಿ ಹೋಲಿಸಿದರು. ಎಲ್ಲವೂ ಸರಿಯಿತ್ತು.

"ಗಾಯ ಆದ ಕಾಲಿಗೇ ಕಲ್ಲು ತಾಗೋದು ಅಂತಾರಲ್ಲ, ಹಂಗೆ. ಚೆನ್ನಾಗಿ ಕೂಡಿಕೊಂಡ ವಾಕ್ಯ ಕೇಳಿದ್ರೆ ಈಗ ನನಗೆ ಭಯ," ಎನ್ನುತ್ತಾರೆ. ನಿಮ್ಮ ಆಸೆ ಏನು ಎಂದರೆ ದೊಡ್ಡದೇನೂ ಹೇಳುವುದಿಲ್ಲ. "ಅವಳು ಪಾಸಾದ್ರೆ ಅದು ಅವಳ ಓದು, ನಮಗೇನೂ ಸೇರಲ್ಲ. ಫೇಲಾದ್ರೂ ಆಗ್ಬಹುದು, ಕಾನೂನು ಏನು ಸುಲಭಾನಾ? ಆದ್ರೆ ಫೇಲಾದೋಳು ನಮ್ಮ ಕಡೆ ಬೆರಳು ತೋರಿಸೋ ಹಂಗಾಗ್ಬಾರ್ದು."

ನಾಲ್ಕನೆಯ, ಕೊನೆಯ ಬೆಳಗು. ಬೇಕರಿಯವನಿಗೆ ಗಂಟಲು ಕಟ್ಟಿದೆ. ಬಿಸಿನೀರು ಗುಟುಕರಿಸಿ ಗುಟುಕರಿಸಿ ಓದುತ್ತಾನೆ. ಎಂಟುನೂರ ಐವತ್ತರ ಹೊತ್ತಿಗೆ ಮೊದಲ ಬಸ್ಸಿನ ಹಾರನ್ ಹಾಸಿಗೆಗಳನ್ನೂ ದಾಟಿ ಒಳಬರುತ್ತದೆ. ಕೆಂಪು ದೀಪ. ಮತ್ತೆ ಓದು. ಮತ್ತೆ ಹಾರನ್, ಮತ್ತೆ ದೀಪ. "ಆ ಡ್ರೈವರ್ ಮೇಲೆ ಯಾವ ಕಾಯ್ದೆ ಹಾಕ್ಬಹುದು ಅಂತ ಈ ಪುಸ್ತಕದಲ್ಲೇ ಇದೆ ಕಣಮ್ಮ, ಎಲ್ಲಿ ಅಂತ ಹೇಳ್ಲಾ?" ಎಂದು ಒಳಗಿನಿಂದ ಬೇಕರಿಯವನು ಕೇಳುತ್ತಾನೆ. ಏಳೂ ನಲವತ್ತಕ್ಕೆ ಎಂಟುನೂರ ಅರವತ್ತನಾಲ್ಕು ಮುಗಿಯುತ್ತದೆ. ಅವನು ಬೆವರು ಸುರಿಸಿಕೊಂಡು ಹೊರಬಂದು ಬೆಂಚಿನ ಮೇಲೆ ಉರುಳಿ ಅಲ್ಲೇ ನಿದ್ದೆ ಹೋಗುತ್ತಾನೆ.

ಪುಟದಕ್ಕನಿಗೆ ನಿದ್ದೆ ಇಲ್ಲ. ಕೊನೆಯ ಇಪ್ಪತ್ತು ಪುಟವನ್ನು ಮೊದಲಿಂದ ಕೇಳಬೇಕು, ಇದ್ದ ವೇಗದಲ್ಲೇ. ಮಧ್ಯಾಹ್ನ ಹನ್ನೆರಡಕ್ಕೆ ಅದು ಮುಗಿಯುತ್ತದೆ. ಹನ್ನೆರಡೂ ಕಾಲಿಗೆ ಇಡೀ ಪುಸ್ತಕ ಇನ್ನೂರ ಹದಿನೇಳರ ಫೋನಿಗೆ ಹೊರಡುತ್ತದೆ. ಜೊತೆಗೆ ಎಲ್ಲರಿಗೂ ಹೋಗುವ ಅದೇ ಒಂದು ಸಾಲು: ಎಲ್ಲ ಭಾಗಗಳೂ ತೆರೆದವೇ ತಿಳಿಸಿ. ಫೋನ್ ಮಾಡುವಂತಿಲ್ಲ. ಕಾಯುವುದಷ್ಟೇ ಕೆಲಸ. ಟೈಲರಮ್ಮ ಅಂಗಡಿ ಮುಚ್ಚದೆಯೇ ಮೇಲೆ ಬಂದು ಕೂತಿದ್ದಾರೆ. ಅಧ್ಯಕ್ಷರೂ ಯಾವುದೋ ಸಹಿ ಹಾಕುವ ನೆಪ ಮಾಡಿಕೊಂಡು ಬಂದಿದ್ದಾರೆ.

ಎರಡು ಗಂಟೆಗೆ ಫೋನ್ ಬಡಿದುಕೊಳ್ಳುತ್ತದೆ. ಸಂದೇಶವಲ್ಲ, ಕರೆ. ಪುಟದಕ್ಕ ಎತ್ತಿ ಕಿವಿಗಿಡುತ್ತಾರೆ. ಅವಸರದಲ್ಲಿ ಸ್ಪೀಕರ್ ಒತ್ತಿಹೋಗುತ್ತದೆ. ಬೆಂಚಿನ ಸುತ್ತ ಇದ್ದವರಿಗೆಲ್ಲ ಆ ದನಿ ಕೇಳಿಸುತ್ತದೆ.

"ಎಲ್ಲಾ ತೆರೀತು."

"ಸರಿ," ಎನ್ನುತ್ತಾರೆ ಪುಟದಕ್ಕ.

ಆಮೇಲೆ ಹುಡುಗಿ ಕೇಳುತ್ತಾಳೆ:

"ಇದನ್ನ ಕೇಳಿ ನೋಡಿದ್ದು ಯಾರು?"

ಟೈಲರಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ಅಧ್ಯಕ್ಷರು ಕೈಸನ್ನೆ ಮಾಡುತ್ತಾರೆ, ಸಂಸ್ಥೆ ಅಂತ ಹೇಳು ಎನ್ನುವ ಹಾಗೆ. ಯಾರಿಗೆ ಕಾಣಬೇಕು ಆ ಸನ್ನೆ?

"ನಾನೇ," ಎನ್ನುತ್ತಾರೆ ಪುಟದಕ್ಕ. "ಪೂರ್ತಿ ನಾನೇ ಕೇಳಿದೀನಿ."

"ಹಾಗಾದ್ರೆ ಸರಿ," ಎನ್ನುತ್ತಾಳೆ ಇನ್ನೂರ ಹದಿನೇಳು, ಮತ್ತು ಫೋನ್ ಇಡುತ್ತಾಳೆ.